ಹಪ್ಪಳದ ಮೇಲಿನ ಆರು

ಗುಂಡ್ಯಾ, ಪುಟ್ಟಿ, ಈ ಹಾಳೆಗಳನ್ನು ನಿಮ್ಮಿಬ್ಬರಿಗೆಂದೇ ಬರೆಯುತ್ತಿದ್ದೇನೆ. ಮೊನ್ನೆ ಗುಂಡ್ಯಾ ಶಾಲೆಯ ಪ್ರದರ್ಶನದಿಂದ ಒಂದು ತೆಳ್ಳನೆಯ ಪುಸ್ತಕ ತಂದು ಊಟದ ಹೊತ್ತಿನಲ್ಲಿ ಎಲ್ಲರಿಗೂ ಕೇಳುವಂತೆ ಓದಿದ. ನಮ್ಮ ಸೀಮೆಯ ಹಳೆಯ ಸಂತೆಗಳಲ್ಲಿ ತಾಮ್ರದ ನಾಣ್ಯಗಳ ಮೇಲೆ ಇನ್ನೊಂದು ಸಣ್ಣ ಮುದ್ರೆ ಒತ್ತುತ್ತಿದ್ದರಂತೆ. ದಪ್ಪ ನಾಣ್ಯದ ಮೇಲೆ ಆರು, ತೆಳು ನಾಣ್ಯದ ಮೇಲೆ ಮೂರು ಎಂದು ಒತ್ತಿ, ಎಣಿಕೆ ಬಾರದ ರೈತರಿಗೆ ಮೋಸ ಮಾಡುತ್ತಿದ್ದರಂತೆ. ಓದಿ ಮುಗಿಸಿ, "ಅಜ್ಜಿ, ನಮ್ಮ ಕಡೆ ಮಂದಿ ಭಾರಿ ಕಳ್ಳರಿದ್ರಲ್ಲ!" ಅಂತ ನಕ್ಕ. ಪುಟ್ಟಿಯೂ ನಕ್ಕಳು. ನಾನು ಸಾರಿನ ಸೌಟು ಕೆಳಗಿಟ್ಟು ಒಳಗೆ ಹೋದೆ. ಕಣ್ಣು ಯಾಕೆ ಕೆಂಪಾಗಿದೆ ಅಂತ ನಿಮ್ಮಮ್ಮ ಕೇಳಿದ್ದಕ್ಕೆ "ಹೊಗಿ" ಅಂದೆ. ಗ್ಯಾಸಿನ ಒಲೆಯಲ್ಲಿ ಹೊಗೆ ಎಲ್ಲಿಂದ ಬರಬೇಕು?

ಆ ಪುಸ್ತಕದಲ್ಲಿ ಬರೆದದ್ದು ಸುಳ್ಳು. ನಲವತ್ತು ವರ್ಷದ ಹಿಂದೆ ಒಬ್ಬರು ಬರೆದ ತಪ್ಪನ್ನು ಇನ್ನೊಬ್ಬರು ನೋಡಿ ಬರೆದಿದ್ದಾರೆ, ಅವರದನ್ನು ಮತ್ತೊಬ್ಬರು. ಆ ಮೊದಲನೆಯ ತಪ್ಪಿಗೆ ನಾನು ಮಾಡಿದ ಹಪ್ಪಳವೇ ಕಾರಣ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಹೆಚ್ಚಿಲ್ಲ. ದೇವದುರ್ಗದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹನುಮಪ್ಪನ ಗುಡಿಯ ಪಡಸಾಲೆಯೇ ಶಾಲೆ. ಮೂರು ವರ್ಷ ಹೋದೆ, ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದೆ, ಅಷ್ಟೇ. ಆದರೆ ನಮ್ಮಪ್ಪ ಊರಿನ ಕಾಗದಪತ್ರ ನೋಡಿಕೊಳ್ಳುವವರು. ಅವರ ಹಳೆಯ ಕಡತಗಳಲ್ಲಿ ಅಂಕಿಗಳೆಲ್ಲ ಬಾಳಬೋಧದಲ್ಲಿ, ಅಂದರೆ ಸಂಸ್ಕೃತ ಪುಸ್ತಕದ ಲಿಪಿಯಲ್ಲಿ ಇರುತ್ತಿದ್ದವು. ಅವನ್ನು ನನಗೆ ಅಪ್ಪನೇ ಕಲಿಸಿದರು. ಮೂರಕ್ಕೂ ಆರಕ್ಕೂ ನಾನು ಯಾವಾಗಲೂ ತಪ್ಪುತ್ತಿದ್ದೆ.

"ನೋಡವಾ, ಮೂರು ಎಡಕ್ಕ ಬಾಯಿ ತಗದದ, ३. ಆರು ಬಲಕ್ಕ ತಗದದ, ६. ಮೂವತ್ತಾರು ಬರಿ. ಹೆಂಗ ಕಾಣ್ತದ? ಜಗಳಾಡಿ ಬೆನ್ನ ಮಾಡಿ ಕೂತ ಅತ್ತಿ-ಸೊಸಿ! ಈಗ ಅರವತ್ತಮೂರು ಬರಿ. ಎದುರಾಬದುರು ಕೂತು ಹರಟಿ ಹೊಡಿಯೋ ಬೀಗತೇರು!"

ಅವತ್ತಿನಿಂದ ಇವತ್ತಿನವರೆಗೆ ಆ ಎರಡು ಅಂಕಿಗಳಲ್ಲಿ ನಾನು ತಪ್ಪಿಲ್ಲ. ಇದನ್ನು ನೀವು ನೆನಪಿಡಬೇಕು.

ಲಗ್ನವಾಗಿ ರಾಯಚೂರಿಗೆ ಬಂದೆ. ನಿಮ್ಮ ಅಜ್ಜ ಅಲ್ಲಿ ಶಾಲೆಯ ಮಾಸ್ತರರು. ಯುದ್ಧದ ಕಾಲದಲ್ಲಿ ನಿಮ್ಮಪ್ಪ ಹುಟ್ಟಿದ. ಅಷ್ಟರಲ್ಲಿ ನಮ್ಮಪ್ಪ ದೇವದುರ್ಗದಲ್ಲಿ ಮನೆ ಮಾಡಿದ್ದರು, ಬಾಣಂತನ ಅಲ್ಲೇ ಆಯಿತು. ದೃಷ್ಟಿ ತಾಗಬಾರದೆಂದು ನಮ್ಮವ್ವ ಕೂಸಿನ ಉಡದಾರಕ್ಕೆ ತೂತು ಕೊರೆದ ಒಂದು ಹಳೆಯ ದಪ್ಪ ತಾಮ್ರದ ನಾಣ್ಯ ಕಟ್ಟಿದಳು. ಅಂಥ ನಾಣ್ಯಕ್ಕೆ ನಾವು ಢಬ್ಬು ಅನ್ನುತ್ತಿದ್ದೆವು. ಎಣ್ಣೆ ಹಚ್ಚುವಾಗ ದಿನಾಲು ಅದು ನನ್ನ ಬೆರಳಿಗೆ ತಾಗುತ್ತಿತ್ತು. ಒಂದು ದಿನ ಬೆಳಕಿಗೆ ಹಿಡಿದು ನೋಡಿದೆ. ಸವೆದ ಪಾರಸಿ ಅಕ್ಷರಗಳ ಮೇಲೆ, ಅವನ್ನು ಅರ್ಧಕ್ಕೆ ಕತ್ತರಿಸಿದ ಹಾಗೆ, ಹುಣಸೆ ಬೀಜಕ್ಕಿಂತ ಸಣ್ಣದೊಂದು ಚೌಕನೆಯ ಕುಳಿ. ಕುಳಿಯೊಳಗೆ ಉಬ್ಬಿ ನಿಂತ ಒಂದು ಅಂಕಿ. ಎಡಕ್ಕೆ ಬಾಯಿ ತೆರೆದಿತ್ತು. ಮೂರು.

ರಾಯಚೂರಿಗೆ ತಿರುಗಿ ಬಂದ ಮೇಲೆ ನಮ್ಮ ಅತ್ತೆಯವರ ದೇವರ ತಟ್ಟೆಯಲ್ಲಿ ಇನ್ನೊಂದು ಕಂಡಿತು. ಅದು ತೆಳ್ಳಗಿತ್ತು. ಅದರ ಮೇಲೂ ಚೌಕನೆಯ ಕುಳಿ, ಆದರೆ ಅಂಕಿ ಬಲಕ್ಕೆ ಬಾಯಿ ತೆರೆದಿತ್ತು. ಅತ್ತೆ ಹಬ್ಬ ಬಂದಾಗಲೆಲ್ಲ ಅದನ್ನು ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕುತ್ತಿದ್ದರು. "ಅತ್ತಿ, ಮೆಲ್ಲಕ ತಿಕ್ರಿ, ಅಂಕಿ ಸವೀತದ" ಅಂದೆ. ಅವರು ನನ್ನ ಮುಖ ನೋಡಿದರು. "ಇಷ್ಟ ದಿನಾ ಮಾತಾಡಂಗಿಲ್ಲ ಅಂತಿದ್ವಿ. ಮಾತಾಡಿದ್ದು ಢಬ್ಬಿನ ಸಲುವಾಗಿ!"

ನನ್ನ ತಲೆಯಲ್ಲಿ ಹುಳ ಹೊಕ್ಕಿತ್ತು. ನಾಣ್ಯ ಒಂದು ರಾಜ್ಯದ್ದು, ಮೇಲಿನ ಮುದ್ರೆ ಇನ್ಯಾರದೋ. ಯಾರು ಒತ್ತಿದರು? ದಪ್ಪದ್ದಕ್ಕೆ ಮೂರು, ತೆಳ್ಳನೆಯದಕ್ಕೆ ಆರು ಯಾಕೆ? ಎರಡೇ ನಾಣ್ಯ ನೋಡಿ ಏನು ಹೇಳಲಿಕ್ಕಾಗುತ್ತದೆ? ಕೂಡಿಹಾಕಲು ಹತ್ತಿದೆ.

ನಮ್ಮ ಮಾವನವರ ಹಳೆಯ ಮನೆ ಮಾನ್ವಿಯಲ್ಲಿ. ಹಬ್ಬಕ್ಕೆ, ಶ್ರಾದ್ಧಕ್ಕೆ ಅಲ್ಲಿಗೆ ಹೋಗುತ್ತಿದ್ದೆವು. ಆ ಮನೆಯ ಹಿಂದಿನ ಓಣಿಯಲ್ಲಿ ಪಾತ್ರೆ ಮಾಡಿ ಮಾರುವ ಬೋಗಾರರ ಮನೆ. ಯುದ್ಧದಿಂದ ತಾಮ್ರ ತುಟ್ಟಿಯಾಗಿತ್ತು. ಹಳ್ಳಿಯ ಹೆಂಗಸರು ಗಡಿಗೆಯ ತಳದಲ್ಲಿ ಉಳಿದ ಢಬ್ಬುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅವರಿಗೆ ತೂಗಿ ಕೊಡುತ್ತಿದ್ದರು. ಅವೆಲ್ಲ ಕರಗಿ ತಂಬಿಗೆ ಆಗುತ್ತಿದ್ದವು. ಅಂಗಡಿಗೆ ಹೋಗಿ ಕೇಳುವ ಧೈರ್ಯ ನನಗೆಲ್ಲಿ? ಹಿತ್ತಲ ಬಾಗಿಲಿನಲ್ಲಿ ಬೋಗಾರರ ಹೆಂಡತಿಯ ಜೊತೆ ನನ್ನ ವ್ಯವಹಾರ. ಅವಳಿಗೆ ನನ್ನ ಲಿಂಬೆ ಉಪ್ಪಿನಕಾಯಿ ಸೇರುತ್ತಿತ್ತು.

"ಅಕ್ಕಾರ, ಈ ಸಲ ಮುದ್ರಿ ಇದ್ದವು ನಾಕು ಸಿಕ್ಯಾವ ನೋಡ್ರಿ. ನಮ್ಮೋರು ಒಲಿಗೆ ಹಾಕಾಕತ್ತಿದ್ರು, ಕೈ ಹಿಡದು ತಗದೀನಿ."

"ನಾಕಕ್ಕ ಒಂದು ಭರಣಿ ಆತು ಹಂಗಾರ."

"ಭರಣಿ ಸಣ್ಣದು ಆಗಬಾರದ್ರಿ ಮತ್ತ!"

ಹೀಗೆ ಎರಡು ವರ್ಷದಲ್ಲಿ, ಕೂಸಿನದು, ಅತ್ತೆಯದು ಸೇರಿ, ಹತ್ತೊಂಬತ್ತು ಕೂಡಿದವು. ದಪ್ಪನೆಯವು ಹನ್ನೊಂದು, ತೆಳ್ಳನೆಯವು ಎಂಟು. ಒಂದು ಅಡಿಕೆ ಡಬ್ಬಿಯಲ್ಲಿ ಅರಿವೆ ಹಾಸಿ ಇಟ್ಟೆ. ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು: "ಮಂದಿ ಸೊಸ್ತೇರು ಬಂಗಾರದ ಪುತಳಿ ಬೇಡ್ತಾರ. ನಮ್ಮಾಕಿ ಕಿಲುಬು ಹಿಡದ ಢಬ್ಬು ಬೇಡ್ತಾಳ. ನನ್ನ ಮಗಾ ಪುಣ್ಯಾ ಮಾಡ್ಯಾನ."

ಒಗಟು ಬಿಡಿಸಿದವರು ಸಿರವಾರದ ಒಬ್ಬ ಮುದುಕಿ. ದೇವದುರ್ಗದಿಂದ ಮಾನ್ವಿಗೆ ಚಕ್ಕಡಿಯಲ್ಲಿ ಬರುವಾಗ ಅಪ್ಪನ ಪರಿಚಯದ ವ್ಯಾಪಾರಸ್ಥರ ಮನೆಯಲ್ಲಿ ಬಿಸಿಲು ಇಳಿಯುವವರೆಗೆ ಕೂತಿದ್ದೆವು. ಆ ಮನೆಯ ಹಿರಿಯಜ್ಜಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜು. ಹೆಂಗಸರೇ ಇದ್ದ ಕಾರಣ ನಾನು ಧೈರ್ಯ ಮಾಡಿ, ಕೂಸಿನ ಉಡದಾರದ ಢಬ್ಬನ್ನು ಅವರ ಕೈಗೆ ಹಿಡಿಸಿದೆ. ಅಜ್ಜಿ ನೋಡಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಸವರಿದರು.

"ಇದು ಮೂರರದು."

"ಹೆಂಗ ಗೊತ್ತಾತ್ರೀ ಯವ್ವಾ?"

"ಹೊಟ್ಟಿ ಎತ್ತಾಗ ಐತಿ ಅಂತ ಬೆರಳಿಗೆ ಗೊತ್ತಾಗಂಗಿಲ್ಲೇನ? ನಮ್ಮ ಮಾವನ ಅಪ್ಪ ಒತ್ತಿದ್ದಿವು. ಸಂತ್ಯಾಗ ತಕ್ಕಡಿ ಹಿಡಿಯೋ ಮನೆತನ ನಮ್ಮದು. ಆಗ ಊರಿಗೊಂದು ನಮೂನಿ ಢಬ್ಬು ಯವ್ವಾ. ಗದ್ವಾಲ ಕಡೀದು, ಸುರಪುರದ ಕಡೀದು, ಎಲ್ಲಾ ಸಂತಿಗೆ ಬರ್ತಿದ್ವು. ಮೆಣಸಿನಕಾಯಿ ಮಾರಾಕ ಬಂದ ಹೆಣಮಗಳಿಗೆ ಯಾವ ಢಬ್ಬು ಎಷ್ಟಕ್ಕ ನಡೀತದ ಅಂತ ಹೆಂಗ ತಿಳೀಬೇಕು? ಅದಕ್ಕ ತೂಗಿ ಅಂಕಿ ಒತ್ತತಿದ್ರು. ದಪ್ಪಂದು ಮೂರು ಕೊಟ್ರ ಒಂದಾಣೆ. ತೆಳ್ಳಂದು ಆರು ಕೊಟ್ರ ಒಂದಾಣೆ. ಅಕ್ಷರ ಬರದವ್ರು ಮುಟ್ಟಿ ನೋಡಿ ತಗೋತಿದ್ರು. ಯಾರೂ ಯಾರಿಗೂ ಮೋಸ ಮಾಡಬಾರದು ಅಂತ."

ಕೇಳಿದ್ದನ್ನು ಸುಮ್ಮನೆ ನಂಬಲಿಲ್ಲ. ಮುಂದಿನ ಸಲ ದೇವದುರ್ಗಕ್ಕೆ ಹೋದಾಗ ಡಬ್ಬಿಯನ್ನು ಜೊತೆಗೆ ಒಯ್ದೆ. ನಮ್ಮ ಮನೆಯ ಹಿಂದಿನ ಪತ್ತಾರರ ಸಣ್ಣ ತಕ್ಕಡಿ ತರಿಸಿ, ಬಂಗಾರ ತೂಗುವ ಗುಲಗಂಜಿ ಹಾಕಿ ಒಂದೊಂದನ್ನೇ ತೂಗಿದೆ. ಮೂರರ ಢಬ್ಬುಗಳೆಲ್ಲ ನೂರು ಗುಲಗಂಜಿಯ ಆಚೆ ಈಚೆ. ಆರರವು ಐವತ್ತರ ಆಚೆ ಈಚೆ. ಒಂದು ಇನ್ನೊಂದರ ಸರಿ ಅರ್ಧ. ಮುದುಕಿ ಹೇಳಿದ ಮಾತು ಗುಲಗಂಜಿಯಷ್ಟೂ ತಪ್ಪಿರಲಿಲ್ಲ. ಅವತ್ತು ನನಗಾದ ಸಂತೋಷ ಯಾವ ಪುತಳಿ ಸರ ಹಾಕಿಕೊಂಡಾಗಲೂ ಆಗಿಲ್ಲ. ನಿಮ್ಮ ಅಜ್ಜನಿಗೆ ಉರ್ದು, ಪಾರಸಿ ಬರುತ್ತಿತ್ತು. ಕೆಳಗಿನ ಅಕ್ಷರ ಎಷ್ಟು ಕಾಣುತ್ತಿತ್ತೋ ಅಷ್ಟನ್ನು ಅವರು ಓದಿ ಹೇಳಿದರು. ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದೆ.

ಆ ಹಾಳೆ ನೋಡಿ ಅವರಿಗೆ ಹುರುಪು ಬಂತು. ಅವರ ದೂರದ ಕಾಕಾ ಒಬ್ಬರು ಹೈದರಾಬಾದಿನಲ್ಲಿದ್ದರು. ದೊಡ್ಡ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದಗಳಿಗೆ ಮೊಹರು ಒತ್ತಿ, ಪೆನ್ಶನ್ ಆದ ಮೇಲೆ ಮಾಸಪತ್ರಿಕೆಗಳಿಗೆ ಹಳೆಯ ಶಾಸನ, ನಾಣ್ಯ ಅಂತ ಬರೆಯುತ್ತಿದ್ದರು. ಅವರಿಗೆ ಕಾಗದ ಹೋಯಿತು. ನಾಣ್ಯಗಳನ್ನು ಟಪಾಲಿನಲ್ಲಿ ಕಳಿಸಿ ಅಂತ ಉತ್ತರ ಬಂತು.

"ಕಳಸಂಗಿಲ್ಲ" ಅಂದೆ.

"ಕಾಕಾ ಏನು ನುಂಗ್ತಾರೇನ?"

"ಒಂದು ಕೂಸಿನ ನಡಾಗದ. ದೃಷ್ಟಿದು ಬಿಚ್ಚಬಾರದು. ಉಳಿದವೂ ಬ್ಯಾಡ. ಟಪಾಲಿನ್ಯಾಗ ಕಳದ್ರ ಯಾರು ತಂದು ಕೊಡ್ತಾರ?"

ಅವರು ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕಿ ನೋಡಿದರು. ಸವೆದ ತಾಮ್ರ, ಬರೀ ಕಪ್ಪು ಕಲೆ ಮೂಡಿತು. ಆಗ ಬೇಸಿಗೆ. ಮಾಳಿಗೆಯ ಮೇಲೆ ನಮ್ಮ ಮನೆಯ ಉದ್ದಿನ ಹಪ್ಪಳದ ಕೆಲಸ ನಡೆದಿತ್ತು. ನನಗೆ ಹೊಳೆಯಿತು. ಗಟ್ಟಿ ಹಿಟ್ಟಿನ ಹತ್ತೊಂಬತ್ತು ಉಂಡೆ ಮಾಡಿ, ಸಣ್ಣ ಬಿಲ್ಲೆಯಂತೆ ತಟ್ಟಿ, ಒಂದೊಂದರ ಮೇಲೆ ಒಂದೊಂದು ಢಬ್ಬು ಒತ್ತಿ ತೆಗೆದೆ. ಎಷ್ಟು ಚಂದ ಮೂಡಿದವು ಅಂದರೆ, ಕಣ್ಣಿಗೆ ಕಾಣದ ಗೆರೆಯೂ ಹಿಟ್ಟಿನಲ್ಲಿ ಕಂಡಿತು. ಕೂಸಿನ ಢಬ್ಬಿಗೆ ಮಾತ್ರ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹಿಟ್ಟನ್ನೇ ನಡಕ್ಕೆ ಒತ್ತಬೇಕಾಯಿತು. ನಿಮ್ಮಪ್ಪ ಕಚಗುಳಿಗೆ ಕಿಲಕಿಲ ನಕ್ಕು ಒದ್ದಾಡಿದ. ಮೊದಲನೆಯದು ಸೊಟ್ಟಾಯಿತು, ಎರಡನೆಯದು ಸರಿ ಬಂತು. ರಾಯಚೂರಿನ ಬಿಸಿಲಿಗೆ ಎರಡೇ ದಿನದಲ್ಲಿ ಎಲ್ಲ ಕಲ್ಲಿನಂತೆ ಒಣಗಿದವು.

"ಎಣ್ಣ್ಯಾಗ ಬಿಡೂದೊಂದು ಉಳದದ" ಅಂದರು ಅತ್ತೆ. "ಹೈದರಾಬಾದಿನ್ಯಾಗ ಹಪ್ಪಳ ಸಿಗಂಗಿಲ್ಲಂತೇನ?"

ಹಪ್ಪಳಗಳ ಬೆನ್ನಿಗೆ ಮಸಿಯಲ್ಲಿ ಒಂದು, ಎರಡು ಅಂತ ಅಂಕಿ ಹಾಕಿ, ಯಾವುದರ ಮೇಲೆ ಮೂರು, ಯಾವುದರ ಮೇಲೆ ಆರು, ತೂಕವೆಷ್ಟು, ಸಿರವಾರದ ಅಜ್ಜಿ ಹೇಳಿದ್ದೇನು ಅಂತ ಎಲ್ಲ ಬರೆದ ಹಾಳೆಯನ್ನೂ ಇಟ್ಟು ಹೈದರಾಬಾದಿಗೆ ಹೊರಟವರೊಬ್ಬರ ಕೈಯಲ್ಲಿ ಕಳಿಸಿದೆವು. ಸೊಟ್ಟಾದ ಹಪ್ಪಳ ನನ್ನ ಹತ್ತಿರವೇ ಉಳಿಯಿತು.

ಐದಾರು ತಿಂಗಳಿಗೆ ಮಾಸಪತ್ರಿಕೆ ಬಂತು. ಶುಕ್ರವಾರ, ಆಗ ನಮ್ಮ ಕಡೆ ಶಾಲೆಗೆ ವಾರದ ರಜೆ. ನಿಮ್ಮ ಅಜ್ಜ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಲು ಶುರು ಮಾಡಿದರು. ನಾನು ಬಾಗಿಲಿನ ಹಿಂದೆ ನಿಂತೆ, ಅತ್ತೆ ಬತ್ತಿ ಹೊಸೆಯುತ್ತ ಕೂತಿದ್ದರು. ಮೊದಲು ಬಹಳ ದೊಡ್ಡ ಮಾತುಗಳು ಬಂದವು. ಆಮೇಲೆ ಅವರ ದನಿ ಸಣ್ಣದಾಯಿತು. ಕಾಕಾ ಬರೆದಿದ್ದು ಏನೆಂದರೆ, ದಪ್ಪ ನಾಣ್ಯಗಳ ಮೇಲೆ ಆರು, ತೆಳು ನಾಣ್ಯಗಳ ಮೇಲೆ ಮೂರು ಎಂದು ಒತ್ತಲಾಗಿದೆ. ಅಂದರೆ ದಪ್ಪನೆಯವು ಆಣೆಗೆ ಆರು, ತೆಳ್ಳನೆಯವು ಆಣೆಗೆ ಮೂರು; ಹೆಚ್ಚು ತಾಮ್ರ ಇದ್ದದ್ದಕ್ಕೆ ಕಡಿಮೆ ಬೆಲೆ, ಕಡಿಮೆ ಇದ್ದದ್ದಕ್ಕೆ ಹೆಚ್ಚು ಬೆಲೆ. ಇದು ಆ ಸಂತೆಗಳ ತಕ್ಕಡಿ ಹಿಡಿದವರು ತಿಳಿಗೇಡಿ ಜನರಿಂದ ಒಳ್ಳೆಯ ನಾಣ್ಯ ಕಸಿಯಲು ಮಾಡಿದ ಮೋಸ. ಕೊನೆಗೆ ಇನ್ನೊಂದು ಮಾತಿತ್ತು. ಮಾಹಿತಿ ಕಳಿಸಿದ ಮನೆಯ ಹೆಣ್ಣುಮಗಳಿಗೆ ಬಾಳಬೋಧ ಅಂಕಿಗಳ ಪರಿಚಯವಿಲ್ಲದ ಕಾರಣ ಆಕೆ ಎಲ್ಲ ಕಡೆಗೂ ಮೂರನ್ನು ಆರು, ಆರನ್ನು ಮೂರು ಮಾಡಿದ್ದಾಳೆ, ಅದನ್ನು ನಾವು ತಿದ್ದಿಕೊಂಡಿದ್ದೇವೆ ಅಂತ.

ನನಗೆ ಪರಿಚಯವಿಲ್ಲವಂತೆ! ಉಸುಕಿನ ಮೇಲೆ ನಮ್ಮಪ್ಪ ಬರೆದ ಅತ್ತೆ-ಸೊಸೆಯ ಪರಿಚಯ ನನಗಿಲ್ಲವಂತೆ!

ಒಳಗೆ ಹೋಗಿ ಸೊಟ್ಟ ಹಪ್ಪಳ ತೆಗೆದು ನೋಡಿದೆ. ಆಗ ಗೊತ್ತಾಯಿತು. ಹಿಟ್ಟಿನ ಮೇಲೆ ಒತ್ತಿದಾಗ ಎಡ ಬಲವಾಗುತ್ತದೆ. ಢಬ್ಬಿನ ಮೇಲಿನ ಮೂರು ಹಪ್ಪಳದ ಮೇಲೆ ಆರಾಗಿ ಕೂತಿತ್ತು. ಒತ್ತುವಾಗ ನನ್ನ ಕಣ್ಣು ಗೆರೆ ಚಂದ ಮೂಡಿತೇ ಅಂತ ನೋಡಿತ್ತೇ ಹೊರತು ತಿರುವುಮುರುವು ಆಗಿದ್ದನ್ನು ನೋಡಿರಲಿಲ್ಲ. ಯಾವುದು ಏನು ಅಂತ ನನಗೆ ಢಬ್ಬು ಮುಟ್ಟಿಯೇ ಗೊತ್ತಿತ್ತಲ್ಲ. ಹಪ್ಪಳ ಉಲ್ಟಾ ಇವೆ ಎಂದು ಒಂದು ಸಾಲು ನಾನು ಬರೆಯಬೇಕಿತ್ತು. ಆ ತಪ್ಪು ನನ್ನದು, ಒಪ್ಪಿದೆ. ಆದರೆ ಮೂವತ್ತು ವರ್ಷ ಮೊಹರು ಒತ್ತಿದ ಕೈಗೆ ಇದನ್ನು ಹೇಳಬೇಕಿತ್ತೇ? ಮೊಹರಿನ ಮೇಲೆ ಅಕ್ಷರ ಉಲ್ಟಾ ಇರುತ್ತವೆ, ಕಾಗದದ ಮೇಲೆ ಸರಿ ಬೀಳುತ್ತವೆ ಎಂದು ಕಚೇರಿಯ ಜವಾನನಿಗೂ ಗೊತ್ತು. ಪಾರಸಿ ಅಕ್ಷರಗಳೂ ಹಪ್ಪಳದ ಮೇಲೆ ಉಲ್ಟಾ ಇದ್ದವು. ಅವು ಸವೆದಿವೆ ಅಂತ ಅವರು ಓದುವ ಗೋಜಿಗೇ ಹೋಗಿರಲಿಲ್ಲ. ಹತ್ತೊಂಬತ್ತು ಸಲ ನಾನು ಬರೆದದ್ದೂ ಅವರು ಕಂಡದ್ದೂ ಬೇರೆಯಾದಾಗ, ಯಾಕೆ ಹೀಗೆ ಎಂದು ಒಂದು ಕಾಗದ ಹಾಕಿ ಕೇಳಬಹುದಿತ್ತು. ಕೇಳಲಿಲ್ಲ. ಹೆಂಗಸಿನ ತಪ್ಪು ಅಂತ ತಿದ್ದಿಕೊಂಡರು. ಸಿರವಾರದ ಆ ಅಜ್ಜಿಯ ಮಾತನ್ನು ಹಾಕಲೇ ಇಲ್ಲ.

"ನೀವು ಬರೀರಿ" ಅಂದೆ ನಿಮ್ಮ ಅಜ್ಜನಿಗೆ. "ತಪ್ಪಾಗ್ಯದ ಅಂತ ಕಾಗದ ಬರೀರಿ."

"ಹಿರಿಯರಿಗೆ ನಿಮ್ಮದು ತಪ್ಪು ಅಂತ ಹೆಂಗ ಬರೀಲಿ? ಎದುರಿಗೆ ಸಿಕ್ಕಾಗ ಹೇಳೋಣಂತ ತಗೋ."

"ಎದುರಿಗೆ ಸಿಕ್ಕಾಗ ನೀವು ಹೇಳ್ತೀರೇನು?"

ಅವರು ಮಾಸಪತ್ರಿಕೆ ಮಡಚಿ ಗೂಡಿನಲ್ಲಿಟ್ಟರು. ಬಹಳ ಒಳ್ಳೆಯವರು ನಿಮ್ಮ ಅಜ್ಜ. ನನ್ನ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಅದಾಗಿ ಎಂಟು ದಿನಕ್ಕೆ ಕೂಸನ್ನು ಕರೆದುಕೊಂಡು ದೇವದುರ್ಗಕ್ಕೆ ಹೋದೆ. ಅಪ್ಪನಿಗೆ ತೋರಿಸೋಣವೆಂದು ಆರರ ಮುದ್ರೆ ಬಹಳ ಸ್ಪಷ್ಟವಿದ್ದ ಒಂದು ತೆಳ್ಳನೆಯ ಢಬ್ಬನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದೆ. ತಿರುಗಿ ರಾಯಚೂರಿಗೆ ಬಂದಾಗ ನೀರಿನ ಕೊಡದ ಮೇಲೆ ಥಳಥಳ ಹೊಳೆಯುವ ಹೊಸ ತಂಬಿಗೆ ಕೂತಿತ್ತು. ಅಡಿಕೆ ಡಬ್ಬಿಯಲ್ಲಿ ಅಡಿಕೆ ಇತ್ತು.

"ಅತ್ತಿ, ನನ್ನ ಢಬ್ಬು?"

"ಮಾನ್ವಿಗೆ ಹೋಗಿದ್ನೆಲ್ಲ, ಬೋಗಾರಗ ಕೊಟ್ಟೆ. ಒಡದ ಚರಗಿನೂ ಸೇರಿಸಿ ಕೊಟ್ಟು ತಂಬಿಗಿ ತಂದೆ."

"ಯಾಕ್ರೀ?"

"ಯಾಕ ಅಂದ್ರ? ನೀನೂ ಕೇಳಿದೆಲ್ಲ, ಅವು ಮೋಸದ ರೊಕ್ಕ! ಅಂಥಾದನ್ನ ದೇವರ ಮುಂದ ಇಟ್ಟು ಇಷ್ಟ ವರ್ಷ ಪೂಜಿ ಮಾಡೀನಿ. ಮನ್ಯಾಗ ಸಣ್ಣ ಕೂಸದ. ಮೊದಲ ಅದರ ಉಡದಾರದ್ದೂ ಬಿಚ್ಚಿ ಒಗಿ."

"ಅದು ತಪ್ಪು ಬರದಾರ್ರೀ ಅತ್ತಿ."

"ತಪ್ಪಿದ್ರ ಅಚ್ಚು ಹಾಕ್ತಾರೇನ? ಅಚ್ಚಿನ್ಯಾಗ ಬಂದದ."

ನಾನು ಆ ಕ್ಷಣಕ್ಕೆ ಹೊರಡಬೇಕಿತ್ತು, ಮಾನ್ವಿಗೆ ಮನುಷ್ಯರನ್ನಾದರೂ ಅಟ್ಟಬೇಕಿತ್ತು. ಮಾಡಲಿಲ್ಲ. ಹಿತ್ತಲಿಗೆ ಹೋಗಿ ಒಗೆದ ಅರಿವೆಯನ್ನೇ ಮತ್ತೆ ಒಗೆದೆ. ಹದಿನೇಳು ಢಬ್ಬು ಹೋದವು. ಎಲ್ಲೆಲ್ಲಿಂದಲೋ ಬಂದು, ಯಾರ್‍ಯಾರದೋ ಸೆರಗಿನಲ್ಲಿ, ಗಡಿಗೆಯಲ್ಲಿ ಉಳಿದು, ನನ್ನ ಉಪ್ಪಿನಕಾಯಿಗೆ ಬದುಕಿಕೊಂಡಿದ್ದವು. ನಾಲ್ಕು ಪುಟದ ಆ ಲೇಖನ ಬಾರದಿದ್ದರೆ ಇವತ್ತಿಗೂ ಇರುತ್ತಿದ್ದವು.

ಮುಂದಿನ ಬೇಸಿಗೆಯಲ್ಲಿ ಮಾನ್ವಿಯ ಮನೆಯಲ್ಲಿ ಒಂದು ಮುಂಜಿ. ಹೈದರಾಬಾದಿನಿಂದ ಕಾಕಾ ಬಂದರು. ದಪ್ಪ ಚಷ್ಮಾ, ಜರಿಯ ಪೇಟ, ಎಲ್ಲರೂ ಅವರಿಗೆ ನಮಸ್ಕಾರ ಮಾಡುವವರೇ. ಊಟ ಮುಗಿಸಿ ಗಂಡಸರು ಪಡಸಾಲೆಯಲ್ಲಿ ಎಲೆ-ಅಡಿಕೆ ಹಾಕಿಕೊಳ್ಳುತ್ತ ಕೂತಾಗ ಕಾಕಾ ತಮ್ಮ ಲೇಖನದ ಸುದ್ದಿ ತೆಗೆದರು. "ನಿಮ್ಮ ಸೀಮಿ ಸಂತ್ಯಾಗ ಏನು ಕಳ್ಳರಿದ್ರಪಾ!" ಅಂತ ದೊಡ್ಡ ದನಿಯಲ್ಲಿ ನಕ್ಕರು. ಎಲ್ಲರೂ ನಕ್ಕರು. ನಿಮ್ಮ ಅಜ್ಜ ಅಲ್ಲೇ ಕೂತಿದ್ದರು. ನಾನು ಅಡಿಗೆಮನೆಯಿಂದ ನೋಡುತ್ತಿದ್ದೆ. ಅವರು ಸುಣ್ಣದ ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

ನನ್ನ ಕಣ್ಣ ಮುಂದೆ ಸಿರವಾರದ ಅಜ್ಜಿಯ ಹೆಬ್ಬೆರಳು ಬಂತು. ಆ ಮನೆತನಕ್ಕೆ ಕಳ್ಳರು ಅಂದರಲ್ಲ! ಹೋಳಿಗೆಗೆ ನಾದಿದ ಕಣಕದಲ್ಲಿ ಒಂದು ಉಂಡೆ ಉಳಿದಿತ್ತು. ಅದನ್ನು ಎಲೆ-ಅಡಿಕೆಯ ತಟ್ಟೆಯಲ್ಲಿಟ್ಟೆ. ಉಡದಾರದ ಢಬ್ಬು ಬಿಚ್ಚಿ ತಟ್ಟೆಯಲ್ಲಿಟ್ಟೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಪಡಸಾಲೆಗೆ ನಡೆದೆ. ಅಷ್ಟು ಗಂಡಸರ ಮುಂದೆ ನಾನು ಹೋದದ್ದು ಅದೇ ಮೊದಲು. ತಟ್ಟೆ ಕಾಕಾನ ಮುಂದಿಟ್ಟೆ.

"ಏನವಾ ಇದು?"

"ಇದರ ಮ್ಯಾಲ ಏನದ, ಓದ್ರಿ." ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

ಅವರು ಢಬ್ಬನ್ನು ಚಷ್ಮಾದ ಹತ್ತಿರ ಹಿಡಿದರು. "ಮೂರು" ಅಂದರು.

"ಈ ಕಣಕದ ಮ್ಯಾಲ ಒತ್ರಿ."

ಏನೋ ಹೆಂಗಸರ ಆಟ ಇರಬೇಕು ಅಂದುಕೊಂಡರೋ ಏನೋ, ನಗುತ್ತಲೇ ಒತ್ತಿದರು.

"ಈಗ ಇದನ್ನ ಓದ್ರಿ."

ಅವರು ಬಗ್ಗಿ ನೋಡಿದರು. ಚಷ್ಮಾ ತೆಗೆದು ಒರೆಸಿ ಮತ್ತೆ ನೋಡಿದರು. ಮೂಲೆಯಲ್ಲಿದ್ದ ಒಬ್ಬ ಮುದುಕರು ಕತ್ತು ಚಾಚಿ, "ಆರಪಾ ಅದು! ಕಣಕದಾಗ ಆರಾತು!" ಅಂತ ಕೂಗಿದರು. ಯಾರೋ ಫಕ್ಕನೆ ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಕಾಕಾನ ಕಿವಿ ಕೆಂಪಾದದ್ದು ನನಗೆ ಕಂಡಿತು. ಅವರಿಗೆ ತಿಳಿಯಿತು. ತಿಳಿಯಲಿಲ್ಲ ಅಂತ ನಾನು ಹೇಳುವುದಿಲ್ಲ.

"ತಿದ್ದಿ ಬರೀರಿ" ಅಂದೆ.

ಅವರು ಢಬ್ಬನ್ನು ತಟ್ಟೆಯಲ್ಲಿಟ್ಟರು. ಎಲೆಗೆ ಸುಣ್ಣ ಹಚ್ಚಿದರು. "ಅಚ್ಚಾಗಿ ಹೋಗ್ಯದವಾ" ಅಂದರು. "ಅಚ್ಚಾದ ಮ್ಯಾಲ ಏನು ಮಾಡ್ಲಿಕ್ಕೆ ಬರ್ತದ?"

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ತಟ್ಟೆ ಎತ್ತಿಕೊಳ್ಳುತ್ತ, "ಈ ಢಬ್ಬೂ ಮೊದಲ ಒಮ್ಮೆ ಅಚ್ಚಾಗಿತ್ರೀ, ಅದರ ಮ್ಯಾಲೇ ಮತ್ತ ಒತ್ಯಾರ" ಅಂದೆ. ಎಷ್ಟು ಸಣ್ಣ ದನಿಯೆಂದರೆ ತಟ್ಟೆಯಲ್ಲಿನ ಅಡಿಕೆಗೆ ಕೇಳಿಸಿರಬೇಕು, ಇನ್ಯಾರಿಗೂ ಇಲ್ಲ. ಒಳಗೆ ಬಂದು ಗೋಡೆಗೆ ಆತುಕೊಂಡೆ. ಢಬ್ಬನ್ನು ಮತ್ತೆ ಕೂಸಿನ ಉಡದಾರಕ್ಕೆ ಕಟ್ಟಲು ಹೋದೆ. ಅತ್ತೆ ಬಂದು ನನ್ನ ಕೈಯಿಂದ ತೆಗೆದುಕೊಂಡು ತಾವೇ ಕಟ್ಟಿದರು. ಬಾಗಿಲಿನ ಸಂದಿಯಿಂದ ಅವರೂ ನೋಡಿದ್ದರು.

ಸಂಜೆ ಅತ್ತೆ ಯಾರಿಗೂ ಹೇಳದೆ ಹಿಂದಿನ ಓಣಿಗೆ ಹೋಗಿ ಬಂದರು. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತರು. "ಆ ಬೋಗಾರನ ಹೇಂತಿ ಅಂದ್ಲು, ಅವೆಲ್ಲಾ ಅವತ್ತೇ ಕರಗ್ಯಾವಂತ." ಕಾಲಿನ ಧೂಳು ಝಾಡಿಸುತ್ತ, "ಓದಿದವ್ರು ಬರದಾರ ಅಂದ್ರ ಖರೇನ ಇರ್ತದ ಅಂತ ತಿಳಕೊಂಡೆ ನಾನು" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಂಬಿ ಕೆಟ್ಟರು.

ಕಾಕಾ ತಿದ್ದಲಿಲ್ಲ. ಆಮೇಲೆ ಇನ್ನೂ ನಾಲ್ಕಾರು ಲೇಖನ ಬರೆದರು, ಅದರಲ್ಲೊಂದರಲ್ಲಿ ಇದೇ ಮಾತು ಮತ್ತೆ ಹಾಕಿದರು, ಗೊತ್ತಿದ್ದೂ ಹಾಕಿದರು. ಅದರಿಂದ ಇನ್ನೊಬ್ಬರು ಎತ್ತಿಕೊಂಡರು. ಹೀಗೆ ಬಂದು ಬಂದು ಗುಂಡ್ಯಾನ ಪುಸ್ತಕಕ್ಕೂ ಬಂತು. ಸಿರವಾರದ ಅಜ್ಜಿ ತೀರಿಕೊಂಡ ಸುದ್ದಿ ಅಪ್ಪನಿಂದ ತಿಳಿಯಿತು. ತಮ್ಮ ಮನೆತನಕ್ಕೆ ಅಚ್ಚಿನಲ್ಲಿ ಏನು ಹೆಸರು ಬಂದಿದೆ ಅಂತ ಅವರ ಕಿವಿಗೆ ಬೀಳಲಿಲ್ಲ, ಅಷ್ಟೇ ಪುಣ್ಯ.

ಈಗ ಉಳಿದದ್ದು ಎರಡೇ ಢಬ್ಬು. ಒಂದು ನಿಮ್ಮಪ್ಪನ ಉಡದಾರದ್ದು, ಒಂದು ಅವತ್ತು ನನ್ನ ಸೆರಗಿನಲ್ಲಿದ್ದದ್ದು. ಸೊಟ್ಟ ಹಪ್ಪಳ ಯಾವಾಗಲೋ ಇರುವೆಯ ಪಾಲಾಯಿತು. ನೀವು ಶಾಲೆಯಿಂದ ಬಂದು ಗಟಗಟ ನೀರು ಕುಡಿಯುತ್ತೀರಲ್ಲ, ಆ ತಂಬಿಗೆಯೇ ಅತ್ತೆ ತಂದದ್ದು. ಅದರಲ್ಲಿ ನನ್ನ ಢಬ್ಬಿನ ತಾಮ್ರ ಇದೆಯೋ ಇಲ್ಲವೋ ಯಾರಿಗೆ ಗೊತ್ತು. ತೊಳೆಯುವಾಗ ಇವತ್ತಿಗೂ ಒಮ್ಮೆ ಒಳಗೆ ಬೆರಳಾಡಿಸುತ್ತೇನೆ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ನಾಳೆ ಚಪಾತಿಗೆ ಕಣಕ ನಾದಿದಾಗ ಇಬ್ಬರೂ ಒಂದೊಂದು ಉಂಡೆ ತೆಗೆದುಕೊಳ್ಳಿ. ಢಬ್ಬು ನಾನು ಕೊಡುತ್ತೇನೆ. ಮೊದಲು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಓದಿ, ಆಮೇಲೆ ಕಣಕದ ಮೇಲೆ ಒತ್ತಿ ನೋಡಿ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ಯಾವುದು ದಪ್ಪ ಅಂತ ತೂಗಿ ನೋಡಿ. ಆಮೇಲೆ ಹೇಳಿ, ನಮ್ಮ ಕಡೆ ಮಂದಿ ಕಳ್ಳರೋ ಅಲ್ಲವೋ.

ಗುಂಡ್ಯಾ, ಆ ಪುಸ್ತಕ ಹರಿಯಬೇಡ, ಒಗೆಯಲೂ ಬೇಡ. ಸಂತೆಯ ಮೋಸದ ಸುದ್ದಿ ಇರುವ ಪುಟ ತೆರೆದು, ಈ ಹಾಳೆಗಳನ್ನು ಸರಿಯಾಗಿ ಅದರ ಮೇಲೆಯೇ ಇಟ್ಟು ಮುಚ್ಚು. ಪುಟ್ಟಿ, ನೀನು ಅದರ ಮೇಲೆ ಎರಡೂ ಢಬ್ಬು ಇಟ್ಟು ಅರಿವೆಯಲ್ಲಿ ಗಟ್ಟಿಯಾಗಿ ಕಟ್ಟು. ಬೇವಿನ ಎಲೆ ಹಾಕಿದರೆ ಹುಳ ಬರುವುದಿಲ್ಲ. ಹುಣಸೆಹಣ್ಣು ಮಾತ್ರ ಹಚ್ಚಬೇಡಿ. ಕೆಳಗಿನದನ್ನು ಓದುವವರು ಮೊದಲು ಮೇಲಿನದನ್ನು ಓದುವ ಹಾಗೆ, ಈ ಹಾಳೆಗಳನ್ನು ಅಲ್ಲಿಂದ ಕದಲಿಸದೆ ಜೋಪಾನ ಮಾಡಿ.